ಮೂರು ತಂತಿ

ಸಿದ್ದಾಪುರದ ಬಸ್ಸಿಳಿದು ರೈಟರ್ ಉತ್ತಯ್ಯ
ಅಂಗಡಿಯ ಮೆಟ್ಟಿಲು ಹತ್ತಿದಾಗ ಎರಡೂ ಕೈಯಲ್ಲಿ
ಬೆಡ್‌ಶೀಟು ಸುತ್ತಿದ ಮ್ಯಾಕಿಂಟಾಷ್.
"ತೊಡೆ ಮೇಲೇ ಇಟ್ಟುಕೊಂಡು ಬಂದೆ, ಜೆಸಿಂತಾ,
ಆದರೂ ಕಂಡಕ್ಟರ್ ಅರ್ಧ ಟಿಕೆಟ್ ಹರಿದ."

ಒಳಗೆ ನಲವತ್ತೊಂದು ವರ್ಷದ ಮಳೆ.
ತೋಟದ ಅಳತೆ, ದಿನಕ್ಕೊಂದು ಸಾಲು,
ಇಂಚು, ಸೆಂಟು, ಕೊನೆಗೆ ಒಂದು ಷರಾ.
ಮೂಲ ರಿಜಿಸ್ಟರು ಗೆದ್ದಲಿಗೆ ಸಂದಿದೆ.
ಪರದೆ ನಾಲ್ಕೂ ಬದಿಯಿಂದ ಕುಗ್ಗುತ್ತಿದೆ,
ವಾರಕ್ಕೊಂದು ನೂಲಿನಷ್ಟು.

ಅದರ ಫ್ಲಾಪಿಯನ್ನು ನನ್ನ ಪೀಸಿಯ ಬಾಯಿಗಿಟ್ಟೆ.
ಕರಕರ ಅಗಿದು ಕೇಳಿತು:
ಇದರಲ್ಲಿ ಏನೂ ಇಲ್ಲ, ಹೊಸದಾಗಿ ಫಾರ್ಮ್ಯಾಟ್ ಮಾಡಲೇ?
ಉತ್ತಯ್ಯನವರ ಕೈ ಮೌಸಿನ ಮೇಲೆ,
ಮೌಸಿನ ಮೇಲಿದ್ದ ನನ್ನ ಕೈಯ ಮೇಲೆ, ದಪ್ಪನೆ ಬಿತ್ತು.

ಮೈಸೂರಿನವರು ಫೋನಿನಲ್ಲಿ ಹೇಳಿದ್ದು ನಾಲ್ಕು ಸಾವಿರ.
ಗಡಿಯಾರ ಕಂಬದ ಹಿಂದೆ ರೇಡಿಯೋ ಬಿಚ್ಚುವ ಮೊಯ್ದು ಕಾಕ
ಹೇಳಿದ್ದು ಅರವತ್ತೈದು, ಚಹಾ ಬೇರೆ.

ಕೆಟ್ಟ ಟೆಲಿಫೋನಿನ ವೈರು ಸುಲಿದರು.
ಅದಕ್ಕೆ ಎಂಟು ತೂತಿನ ದುಂಡು ಮುಖ,
ಇದಕ್ಕೆ ಒಂಬತ್ತು ಹಲ್ಲಿನ ಚಪ್ಪಟೆ ಮುಖ.
"ಒಂಬತ್ತೂ ಎಂಟೂ ಯಾಕೆ? ಮೂರು ಸಾಕು.
ನೇರ ಜೋಡಿಸಿದರೆ ಕೆಟ್ಟಿತು ನೋಡು,
ಎರಡೂ ಒಟ್ಟಿಗೆ ಮಾತಾಡುತ್ತವೆ, ಎರಡೂ ಕಿವುಡು.
ಅಡ್ಡ ಹಾಕಬೇಕು. ಅದರ ಬಾಯಿ ಇದರ ಕಿವಿಗೆ,
ಇದರ ಬಾಯಿ ಅದರ ಕಿವಿಗೆ."
"ಮೂರನೆಯದು?"
"ನೆಲ. ಎರಡಕ್ಕೂ ಒಂದೇ ನೆಲ ಇಲ್ಲದಿದ್ದರೆ
ಎಂತ ಹೇಳಿದರೂ ಗದ್ದಲವೇ."
ಸೀಸ ಕರಗಿದ ಹೊಗೆ ಅವರ ಬಿಳಿಟೋಪಿಯ ಸುತ್ತ ನಿಂತಿತ್ತು.

ಮೊದಲ ಸಲ ಎಲ್ಲ ಸಾಲೂ ಒಂದರ ಮೇಲೊಂದು ಬಿತ್ತು.
ಮ್ಯಾಕಿಗೆ ಸಾಲು ಮುಗಿದರೆ ಎಡಕ್ಕೆ ಮರಳುವುದಷ್ಟೇ ಗೊತ್ತು,
ಕೆಳಗಿಳಿಯುವುದನ್ನು ಬೇರೆ ಹೇಳಬೇಕು ಪೀಸಿಗೆ.
ಪರದೆಯ ಒಂದೇ ಗೆರೆಯಲ್ಲಿ ನಲವತ್ತೊಂದು ವರ್ಷ
ತಮ್ಮನ್ನು ತಾವೇ ಅಳಿಸಿಕೊಳ್ಳುತ್ತ ಓಡಿದವು.
ಎರಡನೆಯ ಸಲ ವೇಗ ಜಾಸ್ತಿಯಾಗಿ
ಒಂದು ಜುಲೈ ಅರ್ಧಕ್ಕರ್ಧ ಸೋರಿಹೋಯಿತು.
"ಆ ಜುಲೈ ಹಾಗೆಯೇ ಇತ್ತು," ಅಂದರು ಉತ್ತಯ್ಯ.
ಸಾವಿರದ ಇನ್ನೂರಕ್ಕೆ ಇಳಿಸಿದೆ.
ಇಪ್ಪತ್ತೈದು ನಿಮಿಷ.
ಮಾರ್ಚಿನ ಹೂಮಳೆ, ಅದರ ಬೆನ್ನಿಗೆ ಬರುವ ಇನ್ನೊಂದು,
ಕಕ್ಕಡದ ದಿನಕ್ಕೆ ಆರಾರು ಇಂಚು,
ಒಂದೂ ತಪ್ಪದೆ ತಂತಿ ದಾಟಿದವು.

ಅಂಕಿಗಳು ಮಾತ್ರ.
ಷರಾ ಕನ್ನಡದಲ್ಲಿತ್ತು. ಅಲ್ಲಿಯ ಅಕ್ಷರ ಇಲ್ಲಿ
ಟೋಪಿ ಹಾಕಿದ ಏ ಬೀ ಸೀ, ಕೊಂಬು, ಚುಕ್ಕೆ, ಕೊಕ್ಕೆ.
ಫಾಂಟಿಗೆ ಫಾಂಟು ಕೂಡದು; ಅದಕ್ಕೆ ಕಾಕನ ಬಳಿಯೂ ಸೀಸವಿಲ್ಲ.

ಹಾಗಾಗಿ ಮೂರು ವಾರ, ಸಂತೆಯ ದಿನ ಬಿಟ್ಟು,
ಅವರು ಆ ಕುಗ್ಗಿದ ಪರದೆಗೆ ಮೂಗು ತಾಗಿಸಿ ಓದುವುದು,
ನಾನು ಕೇಳಿ ಹೊಡೆಯುವುದು.
"ಮಾಪಕದಲ್ಲಿ ಕಪ್ಪೆ, ಅಳತೆ ನಂಬುವಂತಿಲ್ಲ."
"ಸಾಹೇಬರು ಊರಲ್ಲಿಲ್ಲ; ಮಳೆಯೂ ಇಲ್ಲ."
"ನಾನು ತಡವಾಗಿ ಎದ್ದೆ. ಅಂದಾಜು."
"ಹೂ ಬಿಟ್ಟಿದೆ. ಆಫೀಸಿನವರೆಗೂ ವಾಸನೆ."
ಕೆಲವಕ್ಕೆ ನಕ್ಕು, ಕೆಲವಕ್ಕೆ ಕೆಮ್ಮಿ,
ಸಂಜೆಯ ಬಸ್ಸಿಗೆ ಹೊರಡುವಾಗ ಮ್ಯಾಕಿಗೆ ಬೆಡ್‌ಶೀಟು ಹೊದಿಸಿ.

ಒಂದು ಮಧ್ಯಾಹ್ನ, ಎಪ್ಪತ್ತಮೂರನೇ ಇಸವಿಯ ನವೆಂಬರ್,
ಅವರ ಓದು ನಿಂತಿತು.
ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು.
"ಇದು ಬೇಡ. ಗೆರೆ ಎಳೆ. ಮುಂದಿನದು."
ಗೆರೆ ಎಳೆದೆ.

ಅವರು ಕೇಳಲಿಲ್ಲ, ನಾನು ಹೇಳಲಿಲ್ಲ:
ಮೂರು ವಾರ ಆ ಕೊಂಬು ಕೊಕ್ಕೆಗಳ ಪಕ್ಕದಲ್ಲೇ
ಕನ್ನಡ ಹೊಡೆದೂ ಹೊಡೆದೂ
ಯಾವ ಟೋಪಿ ಯಾವ ಅಕ್ಷರವೆಂದು ನನಗೆ ಹತ್ತಿಬಿಟ್ಟಿತ್ತು.
ಆ ಸಾಲು ನನ್ನ ಪೀಸಿಯಲ್ಲಿ ಮೊದಲೇ ಬಂದು ಕೂತಿತ್ತು,
ಯಾರಿಗೂ ಓದಲಾಗದ ಹಾಗೆ.

ಮಳೆ ಅವತ್ತು ನಾಲ್ಕು ಸೆಂಟು. ಏನೇನೂ ಅಲ್ಲ.

ಫೈಲು ಕೊಟ್ಟೆ. ಕೇಬಲ್ಲು ನನ್ನಲ್ಲೇ ಇರಲಿ ಅಂದರು.
ಅರವತ್ತೈದು ಎಣಿಸಿ ಇಟ್ಟು,
ಚಹಾದ್ದು ಬೇರೆ ಇಟ್ಟರು.