ಸೋಲುವುದು ಎಲ್ಲಿ

ವಾಲ್ಪರೈಸೊ. ಬಂದರಿನಿಂದ ಮೇಲಕ್ಕೆ
ಗುಡ್ಡ ಹತ್ತುವ ತಗಡಿನ ಮನೆಗಳು,
ಒಂದರ ಹೆಗಲಿಗೆ ಇನ್ನೊಂದು.
ನಡುವೆ ಅಲ್ಲಲ್ಲಿ
ಸೂರಿಗಿಂತ ಮೊಳ ಎತ್ತರದ ಇಟ್ಟಿಗೆ ಗೋಡೆ,
ಒಂದು ಮನೆಯ ಬೆಂಕಿ ಅಲ್ಲೇ ಮುಗಿಯಲಿ ಎಂದು.
ಕೊರ್ತಾಫ್ವೆಗೊ ಅನ್ನುತ್ತೇವೆ. ಬೆಂಕಿ ಕಡಿಯುವುದು.
ಕಂಪ್ಯೂಟರಿನವರು ಆ ಹೆಸರನ್ನೂ ಕದ್ದಿದ್ದಾರೆ.

ಕದ್ದದ್ದು ನನಗೆ ಗೊತ್ತು, ನಾನೇ ಕಂಪ್ಯೂಟರಿನವಳು:
ಹಗಲು ಬಂದರಿನ ಕಚೇರಿಯಲ್ಲಿ ಸಂಬಳಕ್ಕೆ,
ರಾತ್ರಿ ಈ ಅಗ್ನಿಶಾಮಕ ಕಂಪನಿಯಲ್ಲಿ ಪುಕ್ಕಟೆ.
ನಮ್ಮೂರಲ್ಲಿ ಬೆಂಕಿ ಆರಿಸುವವರಿಗೆ ಕೂಲಿಯಿಲ್ಲ,
ತಿಂಗಳ ವಂತಿಗೆ ನಾವೇ ಕಟ್ಟಬೇಕು.

ಜೂನ್‌ನಲ್ಲಿ ಯಾರೋ, ಎಲ್ಲಿಂದಲೋ,
ನಮ್ಮ ಕಡತಗಳಿಗೆ ಬೀಗ ಜಡಿದು
ಹಣ ಕೇಳಿ ಪತ್ರ ಬರೆದರು, ವ್ಯಾಕರಣ ತಪ್ಪದೆ.
ನೀರಿನ ನಲ್ಲಿಗಳ ನಕ್ಷೆ ಹೋಯಿತು.
ನಮ್ಮ ರಕ್ತದ ಗುಂಪುಗಳ ಪಟ್ಟಿ ಹೋಯಿತು.
ಹನ್ನೊಂದು ದಿನ ದೋನ್ ಓಸ್ವಾಲ್ದೊ
ಯಾವ ಮೂಲೆಗೆ ಯಾವ ನಲ್ಲಿ ಎಂದು
ನೆನಪಿನಿಂದಲೇ ಹೇಳಿ ಲಾರಿ ಕಳಿಸಿದರು.
ಬೆಂಕಿ ಬಿದ್ದಾಗ ಬಾವಿ ತೋಡಿದವರೆಂದು
ನಮ್ಮನ್ನೇ ಆಡಿಕೊಳ್ಳಲಿ ಈಗ.

ಬುಧವಾರ ಸಭೆ. ಎಂಪನಾದದ ವಾಸನೆ,
ಭಾನುವಾರ ಮಾರಿ ಉಳಿದದ್ದು. ಮಾರಿದ ದುಡ್ಡು
ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ.
ಹೊಸ ಮೆದುಗೊಳವೆಗೆಂದು ಎತ್ತಿಟ್ಟದ್ದು ಅದು.

ಮೊದಲನೆಯವನು ಸಾಂತಿಯಾಗೊದವನು, ಹೊಳೆಯುವ ಬೂಟು.
ಪರದೆಯ ಮೇಲೆ ಭೂಗೋಳ, ಅದರ ತುಂಬ ಕೆಂಪು ಬಾಣ.
ಸೆಕೆಂಡಿಗೆ ಇಷ್ಟು ಗಿಗಾಬಿಟ್ ಎಂದ.
ಖಜಾಂಚಿ ಎಲ್ವಿರಾ ಕನ್ನಡಕ ತೆಗೆದು,
"ಎರಡನೆಯ ವರ್ಷ ಎಷ್ಟು?"
ಹೇಳಿದ. ಅವಳು ಡಬ್ಬಿ ಮುಚ್ಚಿದಳು.
ಗೋಡೆಯಲ್ಲ, ಅದು ಗೋಡೆಗೆ ಬಾಡಿಗೆ.

ಎರಡನೆಯವನದು ಕ್ಲೌಡು. ಪೆಟ್ಟಿಗೆಯೇ ಇಲ್ಲ.
ಗೋಡೆ ಎಲ್ಲಪ್ಪಾ ಎಂದರೆ ಸೂರು ತೋರಿಸಿದ.

ಇಬ್ಬರಿಗೂ ದೋನ್ ಓಸ್ವಾಲ್ದೊ ಕೇಳಿದ್ದು ಒಂದೇ:
"ನಿಮ್ಮದು ಸೋಲುವುದು ಎಲ್ಲಿ?"
ಸೋಲುವುದೇ ಇಲ್ಲ ಯಜಮಾನರೆ, ಎಂದರು ಇಬ್ಬರೂ.
ಆತ ಎಡಗಿವಿ ಮುಟ್ಟಿಕೊಂಡರು. ಅರ್ಧವೇ ಉಳಿದ ಕಿವಿ.
ಎಂಬತ್ತಾರರಲ್ಲಿ, ಮೇಲಿನ ಗುಡ್ಡದಲ್ಲಿ,
ಗಟ್ಟಿ ಗೋಡೆಯೊಂದನ್ನು ನಂಬಿ ಈಚೆ ನಿಂತಿದ್ದರು.
ಯಾರೋ ಟೀವಿ ತಂತಿ ಎಳೆಯಲು
ಮುಷ್ಟಿಯಷ್ಟು ತೂತು ಕೊರೆದಿದ್ದರು ಅದರಲ್ಲಿ.
ಆಮೇಲೆ ತಂತಿ ತೆಗೆದರು. ತೂತು ಮರೆತರು.

ಮೂರನೆಯವಳು ತಡವಾಗಿ ಬಂದಳು, ಬಸ್ಸಿನಲ್ಲಿ,
ಮಿಲ್ಯರಾಯ್ ಕೊಲಿಪಾನ್, ತರಕಾರಿ ಚೀಲದಲ್ಲಿ ಪೆಟ್ಟಿಗೆ.
ಅದೇ ಪ್ರಶ್ನೆಗೆ ಬೆರಳು ಮಡಚಿದಳು:
ಪ್ರತಿ ಲಕೋಟೆಯನ್ನೂ ಒಡೆದು ಓದು ಅಂದರೆ
ವೇಗ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.
ಒಳಗಿನವನೇ ಅಗುಳಿ ತೆಗೆದರೆ ಸುಮ್ಮನಿರುತ್ತದೆ.
ಬೆಳಿಗ್ಗೆ ಎದ್ದು ಇದರ ದಾಖಲೆ ಓದುವವರಿಲ್ಲದಿದ್ದರೆ
ಕೋಣೆ ಬೆಚ್ಚಗಿಡುವ ಡಬ್ಬ, ಅಷ್ಟೇ.
"ಮತ್ತೆ, ಕರೆಂಟು ಹೋಗಿ ಸತ್ತರೆ
ಬಾಗಿಲು ಮುಚ್ಚಿಕೊಂಡು ಸಾಯುತ್ತದೆ.
ತೆರೆದುಕೊಂಡು ಸಾಯಲಿ ಅಂದರೆ ಹಾಗೂ ಹೊಂದಿಸಬಹುದು.
ಅದನ್ನು ನೀವು ಹೇಳಬೇಕು, ನಾನಲ್ಲ."

ಇದಕ್ಕೆ ಕೈ ಎತ್ತಿಸಿ ಮತ ಹಾಕಿಸುವುದು ಹೇಗೆ?
ಕಳ್ಳನಿಗೆ ಹೆದರಿ ಜಡಿದ ಬಾಗಿಲ ಹೊರಗೆ
ಕೈ ಸುಟ್ಟವನೊಬ್ಬ ನಿಂತು ಬಡಿದರೆ?
ನನ್ನ ಬಳಿ ಉತ್ತರವಿತ್ತು, ಪುಸ್ತಕದ್ದು. ಹೇಳಲಿಲ್ಲ.
"ಮುಚ್ಚಿಕೊಂಡೇ ಸಾಯಲಿ," ಎಂದರು ಆತ ಕೊನೆಗೆ,
"ಆದರೆ ಕರೆಗಂಟೆ ಇದರೊಳಗೆ ಹಾಯಬಾರದು.
ಗಂಟೆಗೆ ಹಳೆಯ ತಂತಿ. ಬೇರೆ ಕಂಬ."

ಮೆದುಗೊಳವೆ ಮುಂದಿನ ವರ್ಷ.

ಮೊದಲ ರಾತ್ರಿ ಒಬ್ಬಳೇ ಕೂತು ದಾಖಲೆ ನೋಡಿದೆ.
ಎರಡು ಸಾವಿರ ಚಿಲ್ಲರೆ ಬಡಿತ, ಹೆಸರಿಲ್ಲದ ಊರುಗಳಿಂದ,
ಹಗೆಯೂ ಇಲ್ಲ, ಬರೀ ಅಭ್ಯಾಸಕ್ಕೆಂಬಂತೆ.
ನಡುವೆ ಹತ್ತು ಸೆಕೆಂಡಿಗೊಮ್ಮೆ ಒಂದೇ ವಿಳಾಸ:
ಗುಡ್ಡದ ತುದಿಯಲ್ಲಿ ಹೊಗೆ ಕಾಯುವ ನಮ್ಮದೇ ಕ್ಯಾಮೆರಾ
ನಮ್ಮ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು.

ತೂತು ಕೊರೆದೆ. ಒಂದು. ಅದರ ಅಳತೆಯದು.
ಪಕ್ಕದಲ್ಲಿ ಬರೆದೆ: ಯಾರಿಗೆ, ಏಕೆ, ಯಾವತ್ತಿನವರೆಗೆ,
ಕೊರೆದವಳು ಯಸ್ನಾ.
ಕ್ಯಾಮೆರಾ ಕಣ್ಣು ಬಿಟ್ಟಿತು.
ಮಂಜು. ಒಂದು ನಾಯಿ. ಮಂಜು.