ಎರಡು ಕಿಲೋ ಎಂಟುನೂರು

ನಾನು ಸೂಲಗಿತ್ತಿಯಲ್ಲ.
ಹೊಕ್ಕುಳಬಳ್ಳಿಗೆ ಕತ್ತರಿ ಹಾಕುವುದು ನನ್ನ ಕೆಲಸವಲ್ಲ,
ಎಷ್ಟು ಬೆರಳು ತೆರೆದಿದೆಯೆಂದು ನೋಡಿ ಹೇಳುವುದೂ ಅಲ್ಲ.
ಗ್ದಾನ್ಸ್ಕ್ ಊರಿನ ಈ ಆಸ್ಪತ್ರೆಯ ನರ್ಸುಗಳು
ಮೊದಮೊದಲು ಕೇಳುತ್ತಿದ್ದರು: ಮತ್ತೆ ನೀನ್ಯಾಕೆ ಬಂದೆ?
ಕೂತಿರಲಿಕ್ಕೆ, ಎಂದೆ.
ನಕ್ಕರು. ಆಮೇಲೆ ಒಂದು ಕುರ್ಚಿ ಕೊಟ್ಟರು.

ಸಬಿನಾಳ ಮನೆ ನಾಲ್ಕನೇ ಮಹಡಿ, ಲಿಫ್ಟಿಲ್ಲ.
ಏಳನೇ ತಿಂಗಳಲ್ಲಿ ಮೊದಲ ಸಲ ಹತ್ತಿ ಹೋದಾಗ
ಚೌಕುಳಿ ಹಾಳೆಯಲ್ಲಿ ನಂಬರು ಹಾಕಿ ಬರೆದ
ಇಪ್ಪತ್ತಮೂರು ಪ್ರಶ್ನೆ ಮೇಜಿನ ಮೇಲಿತ್ತು.
ಇಪ್ಪತ್ತೆರಡಕ್ಕೆ ಡಾಕ್ಟರು ಉತ್ತರ ಕೊಡಬಲ್ಲರು.
ಕೊನೆಯದನ್ನು ಬರೆದು ಹೊಡೆದುಹಾಕಿದ್ದಳು.
ನಾನು ಅದನ್ನೇ ಓದಿದೆ. ಓದಿದೆನೆಂದು ಹೇಳಲಿಲ್ಲ.
ಗಾಜಿನ ಲೋಟದಲ್ಲಿ ಚಹಾ ಆರಿದ ಮೇಲೆ ಅವಳೇ ಅಂದಳು:
ನಾನೂ ನನ್ನಮ್ಮನ ಹಾಗೆ ಆಗಿಬಿಟ್ಟರೆ?

ಛೆ, ಹಾಗೇನೂ ಆಗಲ್ಲ ಎಂಬ ಮಾತು
ಬಾಯಿಗೆ ಬಂತು. ನಾಲಗೆಯಡಿಗೆ ಒತ್ತಿಟ್ಟೆ,
ಕಹಿ ಮಾತ್ರೆಯ ಹಾಗೆ.
ಭಯ ಬಂದರೆ ಅದಕ್ಕೊಂದು ಮಣೆ ಹಾಕಬೇಕು;
ಕೂತು ಕೂತು ಅದಕ್ಕೂ ತನ್ನ ಮನೆ ನೆನಪಾಗುತ್ತದೆ.
ನಿನ್ನಮ್ಮ ಹೇಗಿದ್ದಳು? ಕೇಳಿದೆ.
ಕೊನೆಯ ಟ್ರಾಮು ಡಿಪೋ ಸೇರುವವರೆಗೂ ಹೇಳಿದಳು.

ಗ್ರಾತ್ಸ್ಯಾನ್, ಅವಳ ಗಂಡ, ಹಡಗುಕಟ್ಟೆಯಲ್ಲಿ ಕ್ರೇನು ನಡೆಸುತ್ತಾನೆ.
ನಲವತ್ತು ಟನ್ನು ಎತ್ತಿ, ಗಾಳಿಯಲ್ಲಿ ತಿರುಗಿಸಿ,
ಗೇಣಗಲ ಜಾಗದಲ್ಲಿ ಇಳಿಸಬಲ್ಲವನು
ಹೆರಿಗೆ ಕೋಣೆಯಲ್ಲಿ ನೀರಿನ ಲೋಟ ಹಿಡಿದು
ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.
ಅವನ ಅಂಗೈ ಅವಳ ಸೊಂಟಕ್ಕಿಟ್ಟು
ಮೇಲೆ ನನ್ನದನ್ನು ಒತ್ತಿದೆ. ಇಲ್ಲಿ. ಇಷ್ಟು ಭಾರ.
ಮುಂದಿನ ನೋವಿಗೆ ನನ್ನ ಕೈ ತೆಗೆದೆ.
ಅವನಿಗೆ ಗೊತ್ತಾಗಲಿಲ್ಲ.

ಹದಿನಾಲ್ಕು ಗಂಟೆ. ನಡುವೆ ಸಬಿನಾ ಬೈದಳು
ನನ್ನನ್ನು, ಅವನನ್ನು, ಕಿಟಕಿಯಾಚೆಯ ಕಡಲಹಕ್ಕಿಗಳನ್ನು, ಸಂತ ಅನ್ನಾಳನ್ನು.
ಬೈಯಲಿ. ಬೈಯುವಾಗಲಾದರೂ ಉಸಿರು ಬಿಡುತ್ತಾಳೆ.

ಹೆಣ್ಣು. ಎರಡು ಕಿಲೋ ಎಂಟುನೂರು.
ಗ್ರಾತ್ಸ್ಯಾನ್ ಕೈ ಹಿಂದೆ ಕಟ್ಟಿಕೊಂಡ: ಬೀಳಿಸಿಬಿಡುತ್ತೇನೆ.
ಎತ್ತಬೇಡ, ಅಂಗಿ ಬಿಚ್ಚಿ ಕೂರು, ಎಂದೆ.
ಎದೆಯ ಮೇಲೆ ಇಳಿಸಿದೆವು.
ಒಂದು ಗಂಟೆ ಅವನು ಮೂಗು ಕೂಡ ತುರಿಸಿಕೊಳ್ಳಲಿಲ್ಲ.

ಮೂರನೇ ವಾರ, ರಾತ್ರಿ ಫೋನು.
ಅವನಿಗೆ ರಾತ್ರಿ ಪಾಳಿ. ಅಡುಗೆಮನೆಯಲ್ಲಿ ಸಬಿನಾ,
ಅಂಗಿಯ ಮೇಲೆ ಹಾಲಿನ ಎರಡು ಕಲೆ,
ಮಗುವಿಗೆ ಕೇಳಿಸೀತೆಂಬಂತೆ ಪಿಸುಗುಟ್ಟಿದಳು:
ನನಗೆ ಅವಳ ಮೇಲೆ ಏನೂ ಅನ್ನಿಸುತ್ತಿಲ್ಲ.
ಉಕ್ಕಿ ಬರುತ್ತದೆ ಅಂತಾರಲ್ಲ ಎಲ್ಲರೂ?
ಯಾರದೋ ಮನೆಯ ಮಗು ನೋಡಿಕೊಳ್ಳುತ್ತಿರುವ ಹಾಗಿದೆ.

ನಾನು ಸಿಂಕಿನ ಪಾತ್ರೆ ತೊಳೆಯತೊಡಗಿದೆ.
ನಾವು ಬೆನ್ನು ತಿರುಗಿಸಿದರೆ ಜನ ಹೆಚ್ಚು ಹೇಳುತ್ತಾರೆ.
ಬೀಟ್ರೂಟು ಸಾರಿನ ಪಾತ್ರೆಯನ್ನು ಮೂರು ಸಲ ತಿಕ್ಕಿದೆ.
ಆಮೇಲೆ ತಿರುಗಿ, ಸುತ್ತುಬಳಸದೆ, ಕೇಳಿದೆ:
ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತದಾ? ಮಗುವಿಗೆ ಏನಾದರೂ?
ಇಲ್ಲ. ಇಲ್ಲ. ನಿದ್ದೆ ಬೇಕು.
ಡಾಕ್ಟರನ್ನು ಸೋಮವಾರ ಕಾಣುವುದೆಂದು
ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.
ಯಾರದೋ ಮಗುವಿಗೆ ಇಷ್ಟು ಮಾಡಿದ್ದೀಯಲ್ಲ,
ಇವತ್ತಿಗೆ ಸಾಕು, ಎಂದೆ.
ಐದು ಗಂಟೆ ಮಲಗಿದಳು.

ನನ್ನ ಮೊದಲನೆಯವನನ್ನು ನನ್ನವನೆನ್ನಲು
ನನಗೆಷ್ಟು ತಿಂಗಳು ಹಿಡಿಯಿತು
ಯಾರಿಗೂ ಹೇಳಿಲ್ಲ. ಅವಳಿಗೂ ಹೇಳಲಿಲ್ಲ.
ಅದು ಅವಳ ರಾತ್ರಿ.

ಮಾರ್ಚಿಯಲ್ಲಿ ಟ್ರಾಮು ಹತ್ತಿದರೆ ಮುಂದೆಯೇ ಅವರು.
ಟೊಪ್ಪಿ ಹಾಕು, ಬೇಡ ಬೆವರುತ್ತಾಳೆ, ನಿನಗೇನು ಗೊತ್ತು
ಎಂದು ದೊಡ್ಡ ದನಿಯಲ್ಲಿ ಜಗಳ.
ಅವನ ಒಂದೇ ಅಂಗೈಯಲ್ಲಿ ಮಗುವಿನ ಬೆನ್ನಿಡೀ ಕೂತಿತ್ತು.
ಬೋಳುತಲೆ ಅವನ ಹೆಗಲ ಮೇಲಿಂದ ಇಣುಕಿ
ನನ್ನನ್ನು ನೋಡಿತು, ಗುರುತಿಲ್ಲದೆ.
ಎರಡು ಸೀಟು ಹಿಂದೆ
ನಾನು ಸುಮ್ಮನೆ ಕೂತಿದ್ದೆ.