ಷರಾ: ನೀರು

ಹಾಲಿನ ಸಂಘದಾಗ ಹತ್ತೊಂಬತ್ತು ವರ್ಷ
ಹಾಲು ಅಳದಾಂವ ನಾ.
ಕಿಟ್ಲಿ ಮುಚ್ಚಳ ತಗದ್ರ ವಾಸನಿ ಮ್ಯಾಲೇ ಹೇಳ್ತಿದ್ನಿ,
ಇದು ಕಬ್ಬಿನ ವಾಡಿ ತಿಂದ ಎಮ್ಮಿದು,
ಇದು ಮಂದಿ ಹೊಲದಾಗ
ಉಳ್ಳಾಗಡ್ಡಿ ತಪ್ಪಲ ಕದ್ದು ಮೇದದ್ದು.
ಸೊಕ್ಕು ಅಂದ್ರೂ ಅನ್ರಿ.

ಮಾರ್ನಮಿ ಇನ್ನ ಮೂರು ದಿನ ಐತಿ ಅಂದಾಗ
ಲಗಮವ್ವ ಹಂಜಿ ತಂದ ಹಾಲಿನ್ಯಾಗ
ಡಿಗ್ರಿ ಕೊಳವಿ ಮುಳುಗಿತು.
ಇಪ್ಪತ್ತೆಂಟಕ್ಕ ನಿಲ್ಲೂದು
ಇಪ್ಪತ್ನಾಕಕ್ಕ ಇಳದು
ತುದಿ ಅಷ್ಟ ತೋರಿಸಿ ನಿಂತಿತು.
ನಾ ಏನೂ ಕೇಳಲಿಲ್ಲ. ವಹಿ ತಗದು
ಅಕಿ ಹೆಸರಿನ ಮುಂದ ಕೆಂಪು ಪೆನ್ನಿಲೆ
ಷರಾ ಬರದ್ನಿ: ನೀರು.
ಸರತಿಗೆ ನಿಂತಾವ್ರು ಬಗ್ಗಿ ಓದಿದ್ರು.
ಓದಾಕ ಬರದಾವ್ರಿಗೆ ಓದಿದಾವ್ರು ಹೇಳಿದ್ರು.

ಅಕಿ ಬಾಯಿ ಮಾಡಲಿಲ್ಲ.
ಮರುದಿನ ಮುಂಜಾನೆ ನೋಡಿದ್ರ
ಸರತಿಯಾಗ ಒಂದು ಆಕಳ ನಿಂತಿತ್ತು.
ಕೆಂದ ಬಣ್ಣ, ಹಣಿ ಮ್ಯಾಲ ಬಿಳಿ ಚುಕ್ಕಿ.
ತನ್ನ ಪಾಳಿ ಬರೂತನ ದಾರಿ ಬಿಡಲಿಲ್ಲ ಲಗಮವ್ವ.
ಕಟ್ಟಿ ಮುಂದ ಕುಕ್ಕರಗಾಲಿಲೆ ಕುಂತು
ಕೈ ಎತ್ತಿ ತೋರಿಸಿದಳು, ಒಣ ಕೈ.
ತಂಬಿಗಿ ಬೋರಲ ಹಾಕಿ ತೋರಿಸಿದಳು.
ಆಮ್ಯಾಲ ಚರ್ ಚರ್ ಅನ್ನೂ ಸಪ್ಪಳ ಒಂದ.
ನೊರಿ ಇಳದು ಹಾಲು ಆರೂತನ
ನನ್ನ ಕೈಗೆ ಕೆಲಸಿಲ್ಲ, ಕಣ್ಣಿಗೆ ಜಾಗಾ ಇಲ್ಲ.
ಕೊಳವಿ ಬಿಟ್ನಿ.
ಇಪ್ಪತ್ನಾಕು.

ದನದ ದವಾಖಾನಿ ಕಂಪೌಂಡರ
ಬಾಬಾಲಾಲ ಸನದಿ ಅವತ್ತ ಬಂದಾಂವ
ಆಕಳ ಬಾಯಾಗಿನ ಒಂದು ಎಳಿ ಹುಲ್ಲು ಜಗ್ಗಿ
ಬೆರಳಾಗ ಹೊಸಕಿದ.
"ಶ್ರಾವಣದಾಗ ಇದ ಹುಲ್ಲು ಕೂಸಿನ ಕಿವಿ ಹಂಗಿತ್ತು.
ಈಗ ತೆನಿ ತಗದೈತಿ, ಕರಡ ಆಗಾಕತ್ತೈತಿ,
ಹಸರು ಬರೇ ಮ್ಯಾಲಿನ ಬಣ್ಣ.
ಗಾಯರಾಣದಾಗ ಮಳಕಾಲ ಮಟ ನಿಂತೈತಿ ನೋಡು,
ಹೊಟ್ಟಿ ತುಂಬತೈತಿ. ತುಂಬಿದ್ದಕ್ಕ ಹಸೀತೈತಿ.

ಆಕಳ ಹೊಟ್ಟ್ಯಾಗ ಒಂದು ಊರೈತಿ ಸೆಕ್ರೆಟ್ರಿ,
ಕಣ್ಣಿಗೆ ಕಾಣದಷ್ಟು ಸಣ್ಣ ಮಂದಿ.
ಹುಲ್ಲು ಹರದು ಹಣ್ಣ ಮಾಡೂ ಕೂಲಿ ಅವರದು.
ಪಗಾರ ಕೊಡದ ಎಷ್ಟು ದಿನ ದುಡೀತಾರ?
ಪ್ರೋಟೀನ ಅಂತಾರ ಅದಕ್ಕ ಬುಕ್ಕಿನ್ಯಾಗ,
ನಮ್ಮವ್ವ ಕಸುವು ಅಂತಿದ್ದಳು.
ಹಿಂಡಿ ಇಡೂದು ಆಕಳಿಗಲ್ಲ, ಆ ಕೂಲಿಯವ್ರಿಗೆ."
ಆಮ್ಯಾಲ ಆಕಳ ಬೆನ್ನ ಮ್ಯಾಲ ಕೈ ಆಡಿಸಿದ.
ಎಲುಬು ಒಂದೊಂದ ಎಣಿಸಾಕ ಬರ್ತಿದ್ದವು.
"ಇಷ್ಟು ದಿನ ತನ್ನ ಮೈ ಕರಗಿಸಿ ಕೊಟ್ಟೈತಿ.
ನೀ ನೀರು ಅಂದಿ."

ಆ ಐತವಾರ ಸಂಕೇಶ್ವರಕ್ಕ ಹೋಗಿ
ಗಾಣದಿಂದ ಶೇಂಗಾ ಹಿಂಡಿ ಅರ್ಧ ಚೀಲ ತಂದ್ನಿ.
ಮೋಟರ್ ಸೈಕಲ್ಲಿನ ಹಿಂದ ಕಟ್ಟಿದ ಚೀಲದಿಂದ
ಹಾದಿಯುದ್ದಕ್ಕ ಎಣ್ಣಿ ವಾಸನಿ.
ಹೊಸ್ತಿಲದ ಮುಂದ ಇಳಿಸಿದ್ರ
ಅಕಿ ಒಳಗ ಹೋಗಿ, ಡಬ್ಬಿ ಸಪ್ಪಳ ಆಗಿ,
ರೊಕ್ಕ ಎಣಿಸಿ ಕೈಗಿಟ್ಟಳು. ಚಿಲ್ಲರ ಸುದ್ದಾ ಬಿಡಲಿಲ್ಲ.
ನಾ ಹೊಳ್ಳಿ ಹೋಗಾಂವ, ನಿಂತ್ನಿ.
ಒಂದು ಸೇರು ಹಿಂಡಿ ಬುಟ್ಟ್ಯಾಗ ಹಾಕಿ
ಕೊಡದಿಂದ ಸುರೂತ
ನನ್ನ ಕಡೆ ನೋಡದ ಅಂದಳು:
"ನಾ ನೀರು ಹಾಕೂದು ಇಲ್ಲಿ. ಬರಕೋ."

ನಾಕು ದಿನ ಏನೂ ಇಲ್ಲ.
ಐದಕ್ಕ ಸೆಗಣಿ ಮೆತ್ತಗಾತು ಅಂತ ಸುದ್ದಿ ಬಂತು.
ಸುದ್ದಿ ತಂದಾವ್ರು ನಕ್ಕರು, ನಾ ನಗಲಿಲ್ಲ.
ಹನ್ನೊಂದಕ್ಕ ಕೊಳವಿ ಇಪ್ಪತ್ತಾರರಾಗ ನಿಂತಿತು.
ಹಟ್ಟಿಹಬ್ಬ ಕಳದಿಂದ ಇಪ್ಪತ್ತೆಂಟೂವರಿ,
ಮೊದಲಿಗಿಂತ ಲೀಟರ್ ಮ್ಯಾಲ ಒಂದು ಪಾವು ಹೆಚ್ಚ.
ಲಗಮವ್ವ ಚೀಟಿ ನೋಡಿ ಕುಬಸದಾಗ ಇಟ್ಟಳು,
ಎಲ್ಲಾರ ಹಂಗ.

ವಹಿಯಾಗ ಆ ಪುಟ ಇನ್ನೂ ಐತಿ.
ಷರಾ ಮ್ಯಾಲ ಅಡ್ಡಗೆರಿ ಹೊಡದ್ನಿ,
ಗೆರಿ ಅಡ್ಯಾಗ ಅಕ್ಷರ ಹಂಗ ಕಾಣತಾವು.
ತಪಾಸಣಿಗೆ ಬಂದ ಸಾಹೇಬ ಬೆರಳಿಟ್ಟು ಕೇಳಿದ,
ಇಲ್ಲೇನ ಕಾಟು ಹೊಡದೀ?
ನೀರ್ರಿ, ಅಂದ್ನಿ.
ಯಾರ ಹಾಕಿದ್ರು?
ನಾನ.